ದೊಡ್ಡವರ ಹಾಡು, ಮಕ್ಕಳ ಕೊರಳು

ನಮ್ಮ ಸಂಘದ ವಾರ್ಷಿಕೋತ್ಸವದ ಈ ಸ್ಮರಣ ಸಂಚಿಕೆಗೆ ಚರಿತ್ರೆಯ ವಿಷಯವಾಗಿ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಅಪ್ಪಣೆ ಮಾಡಿದಾಗ, ಯಾವುದಾದರೊಂದು ಶಿಲಾಶಾಸನವನ್ನೋ ವೀರಗಲ್ಲನ್ನೋ ಕುರಿತು ನಾನು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ಗಡಿನಾಡಿನ ಕನ್ನಡ ಪಂಡಿತನಿಂದ ಅಂಥದನ್ನು ನಿರೀಕ್ಷಿಸುವುದು ಸಹಜವೇ ಸರಿ. ಆದರೆ ಈ ಸಲ ನಾನು ಎತ್ತಿಕೊಂಡಿರುವ ವಿಷಯವು ಮೇಲುನೋಟಕ್ಕೆ ಅಷ್ಟು ಗಂಭೀರವೆಂದು ತೋರಲಾರದು. ದೊಡ್ಡವರಿಗಾಗಿ ಹುಟ್ಟಿ, ಪೇಟೆಯಲ್ಲಿ ಜನಪ್ರಿಯವಾದ ಹಾಡುಗಳನ್ನು ಮಕ್ಕಳು ಹಾಡುವುದು ಹಾಗೂ ಮಕ್ಕಳಿಂದ ಹಾಡಿಸುವುದು — ಈ ಪದ್ಧತಿಯ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಬಯಸಿದ್ದೇನೆ. ಈ ವಿಷಯಕ್ಕೆ ನನ್ನನ್ನು ತಂದು ಮುಟ್ಟಿಸಿದ ಒಂದು ಘಟನೆಯನ್ನು ಮೊದಲು ನಿವೇದಿಸಿಕೊಳ್ಳುತ್ತೇನೆ. ಅದರಲ್ಲಿ ತಪ್ಪು ನನ್ನದೇ ಆದುದರಿಂದ ಹೇಳಿಕೊಳ್ಳಲು ಸಂಕೋಚವುಂಟು; ಆದರೂ ಹೇಳಲೇಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ಕನ್ನಡ ಮಾಧ್ಯಮ ಪ್ರೌಢಶಾಲೆಯ ವಾರ್ಷಿಕೋತ್ಸವದ ಮನೋರಂಜನ ಕಾರ್ಯಕ್ರಮವನ್ನು ಸಿದ್ಧಪಡಿಸುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಎಂಟನೆಯ ತರಗತಿಯ ಐವರು ಹುಡುಗಿಯರು ಆ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ಮಲೆಯಾಳ ಚಲಚ್ಚಿತ್ರವೊಂದರ ಹಾಡನ್ನು ಅಭ್ಯಾಸ ಮಾಡಿಕೊಂಡು ಬಂದರು. ನಾನು ಅದನ್ನು ಪಟ್ಟಿಯಿಂದ ಹೊಡೆದುಹಾಕಿದೆ. ಕನ್ನಡ ಶಾಲೆಯ ವೇದಿಕೆ. ಅದರ ಮೇಲೆ ಅನ್ಯಭಾಷೆಯ, ಅದರಲ್ಲೂ ಸಿನಿಮಾದ ಶೃಂಗಾರಗೀತೆ ಸಲ್ಲದು ಎಂಬುದು ನನ್ನ ವಾದವಾಗಿತ್ತು. ಬದಲಿಗೆ ನಾಡಿನ ಮಹಿಮೆಯನ್ನು ಕೊಂಡಾಡುವ ಗೀತೆಯೊಂದನ್ನು ಕೊಟ್ಟೆ. ಹುಡುಗಿಯರು ಮರುಮಾತಾಡದೆ ಕಲಿತರು, ಹಾಡಿದರು. ಅಕ್ಷರ ತಪ್ಪಲಿಲ್ಲ, ತಾಳ ತಪ್ಪಲಿಲ್ಲ. ಹಾಜರಿ ಪಟ್ಟಿಯನ್ನು ಓದಿದಂತೆ ಹಾಡು ಮುಗಿಯಿತು. ಸಭೆ ಕರಗಿದ ಮೇಲೆ ವೇದಿಕೆಯ ಹಿಂಬದಿಗೆ ಹೋದರೆ, ಅದೇ ಐವರು ಚಾಪೆಗಳನ್ನು ಸುರುಳಿ ಸುತ್ತುತ್ತ, ನಾನು ಹೊಡೆದುಹಾಕಿದ್ದ ಆ ಹಾಡನ್ನು ಮೆಲ್ಲನೆ ಹಾಡಿಕೊಳ್ಳುತ್ತಿದ್ದರು. ವೇದಿಕೆಯ ಮೇಲೆ ಇಲ್ಲದಿದ್ದ ಜೀವವೆಲ್ಲ ಅಲ್ಲಿತ್ತು. ಅವರಲ್ಲೊಬ್ಬಳು ನನ್ನನ್ನು ಕಂಡು ಥಟ್ಟನೆ ನಿಲ್ಲಿಸಿದಳು; ಉಳಿದವರೂ ಮೌನವಾದರು. ಆ ಮೌನವನ್ನು ನಾನು ಇಂದಿಗೂ ಮರೆತಿಲ್ಲ. ಮಕ್ಕಳಿಂದ ಹಾಡಿಸುವುದೆಂದರೇನು ಎಂಬ ಪ್ರಶ್ನೆಯನ್ನು ಹಿಡಿದುಕೊಂಡು ನಾನು ಸಿಕ್ಕಿದ್ದನ್ನೆಲ್ಲ ಓದತೊಡಗಿದ್ದು ಆ ದಿನದಿಂದಲೇ.

ಒಬ್ಬರ ಹಾಡನ್ನು ಇನ್ನೊಬ್ಬರು ಎತ್ತಿಕೊಳ್ಳುವುದು ನಮ್ಮ ನಾಡಿಗೆ ಹೊಸತೇನೂ ಅಲ್ಲ. ಹಳೆಯ ಹಾಡಿನ ಪುಸ್ತಕಗಳನ್ನು ತೆರೆದು ನೋಡಿದವರಿಗೆ, ಪದ್ಯದ ತಲೆಯ ಮೇಲೆ ಇಂಥ ಹಾಡಿನ ಮಟ್ಟು ಎಂದೋ, ಇಂಥದರ ಧಾಟಿ ಎಂದೋ ಅಚ್ಚು ಹಾಕಿರುವುದು ಪರಿಚಿತವಾಗಿಯೇ ಇದೆ. ಪಾರ್ತಿಸುಬ್ಬನ ಹೆಸರಿನೊಂದಿಗೆ ಬೆಸೆದುಕೊಂಡಿರುವ ಕುಂಬಳೆಯ ಸೀಮೆಯವರಾದ ನಮಗೆ, ಯಕ್ಷಗಾನದ ಮಟ್ಟೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ೧೮೩೫ರಲ್ಲಿ ದಿವಂಗತರಾದ ಮುತ್ತುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಆಂಗ್ಲರ ವಾದ್ಯವೃಂದದಿಂದ ಕೇಳಿದ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿ, ಸುಮಾರು ನಲವತ್ತು ನೊಟ್ಟುಸ್ವರ ಸಾಹಿತ್ಯಗಳನ್ನು ರಚಿಸಿದರು. ಬ್ರಿಟಿಷ್ ದೊರೆಯ ಸ್ತುತಿಗೀತೆಯ ಧಾಟಿಯೇ ಅವರ ಕೈಯಲ್ಲಿ 'ಸಂತತಂ ಪಾಹಿಮಾಂ' ಎಂಬ ದೇವೀಸ್ತುತಿಯಾಯಿತು. ಸಂಗೀತ ಕಲಿಯುವ ಎಳೆಯ ಮಕ್ಕಳಿಗೆ ಈ ನೊಟ್ಟುಗಳನ್ನು ಇಂದಿಗೂ ಕಲಿಸುತ್ತಾರೆ. ೧೮೩೪ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಜರ್ಮನ್ ಕೀರ್ತನೆಗಳ ಧಾಟಿಗೆ ಕನ್ನಡ ನುಡಿಗಳನ್ನು ಹೊಂದಿಸಿ ಸಭೆಗಳಲ್ಲಿ ಹಾಡಿಸಿದರು. ಧಾಟಿಗೆ ಗಡಿಯಿಲ್ಲ, ಅದು ಗಡಿಯನ್ನು ದಾಟಿ ಬಂದ ಮೇಲೆ ಯಾರ ನುಡಿಯನ್ನು ಹೊತ್ತುಕೊಂಡಿತು ಎಂಬುದೇ ನಮ್ಮ ಹಿರಿಯರ ಪ್ರಶ್ನೆಯಾಗಿತ್ತು.

ಆದರೆ ಧಾಟಿಯನ್ನು ಎರವಲು ತಂದು ಹೊಸ ನುಡಿಯನ್ನು ಕಟ್ಟುವುದು ಒಂದು. ಪೇಟೆಯಲ್ಲಿ ಮಾರಾಟವಾಗುತ್ತಿರುವ ಹಾಡನ್ನು ಹಾಗೆಯೇ ಎತ್ತಿ ಮಗುವಿನ ಕೊರಳಿಗೆ ಕೊಡುವುದು ಇನ್ನೊಂದು. ಈ ಎರಡನೆಯದು ಯಂತ್ರಯುಗದ ಸೃಷ್ಟಿ. ಅದರ ನಡೆಯನ್ನು ಹೆಜ್ಜೆಹೆಜ್ಜೆಯಾಗಿ ಕಾಣಬೇಕಾದರೆ ನಾವು ಸ್ವಲ್ಪ ಹೊತ್ತು ನಮ್ಮ ಊರನ್ನು ಬಿಟ್ಟು, ಅಮೇರಿಕೆ, ಇಂಗ್ಲೆಂಡ್ ಮತ್ತು ಕೆನಡಾ ದೇಶಗಳಿಗೆ ಹೋಗಬೇಕು. ಜನಪ್ರಿಯತೆಯನ್ನು ಅಂಕಿಗಳಲ್ಲಿ ಅಳೆದು ಪಟ್ಟಿ ಮಾಡುವ ವಾಡಿಕೆ ಬಲಿತುದು ಅಲ್ಲಿ.

ಈ ವ್ಯಾಪಾರದ ಅಡಿಪಾಯವು ಒಂದು ಕಾನೂನು. ೧೯೦೯ರಲ್ಲಿ ಅಮೇರಿಕೆಯ ಗ್ರಂಥಸ್ವಾಮ್ಯದ ಶಾಸನವು ತಿದ್ದುಪಡಿ ಹೊಂದಿದಾಗ, ಹಾಡೊಂದನ್ನು ಅದರ ಒಡೆಯನ ಒಪ್ಪಿಗೆಯಿಂದ ಒಮ್ಮೆ ಯಂತ್ರದಲ್ಲಿ ಮುದ್ರಿಸಿದ ಮೇಲೆ, ಪ್ರತಿಯೊಂದಕ್ಕೆ ಎರಡು ಸೆಂಟುಗಳ ಗೌರವಧನವನ್ನು ತೆತ್ತು ಬೇರೆ ಯಾರೇ ಆದರೂ ಅದನ್ನು ಮತ್ತೆ ಹಾಡಿ ಮುದ್ರಿಸಬಹುದೆಂದು ವಿಧಿಸಲಾಯಿತು. ತಾನೇ ನುಡಿಯುವ ಪಿಯಾನೋ ಯಂತ್ರದ ವ್ಯಾಪಾರವು ಒಬ್ಬನೇ ಕಂಪೆನಿಯವನ ಕೈಸೇರದಿರಲೆಂಬುದು ಅದರ ಉದ್ದೇಶ. ಆ ವಿಧಿಯ ನೆರಳಿನಲ್ಲಿಯೇ, ಒಂದೇ ಹಾಡನ್ನು ಹತ್ತು ಮಂದಿ ಹತ್ತು ತೆರನಾಗಿ ಹಾಡಿ ಮಾರುವ ಪದ್ಧತಿ ಬೆಳೆಯಿತು. ನಮ್ಮ ದೇಶದ ೧೯೫೭ರ ಕಾಯಿದೆಯೂ ಇಂಥ ಮರುಗಾಯನಕ್ಕೆ ಎಡೆಗೊಟ್ಟಿತ್ತು. ೧೯೮೦ರ ದಶಕದಲ್ಲಿ ಹಳೆಯ ಚಿತ್ರಗೀತೆಗಳನ್ನು ಬೇರೆ ಗಾಯಕರು ಹಾಡಿದ ಅಗ್ಗದ ಕ್ಯಾಸೆಟ್ಟುಗಳು ಸಂತೆಸಂತೆಯಲ್ಲಿಯೂ ದೊರೆಯುತ್ತಿದ್ದುದು ಹಿರಿಯ ವಾಚಕರ ನೆನಪಿನಲ್ಲಿರಬಹುದು. ೨೦೧೨ರ ತಿದ್ದುಪಡಿಯ ಅನಂತರ, ಮೂಲ ಧ್ವನಿಮುದ್ರಿಕೆ ತಯಾರಾದ ವರ್ಷದಿಂದ ಐದು ವರ್ಷ ಕಳೆಯುವ ತನಕ ಹಾಗೆ ಮಾಡಲಾಗದು.

ಇನ್ನು ಪಟ್ಟಿಯ ಮಾತು. ೧೯೫೨ರ ನವೆಂಬರ್ ತಿಂಗಳಲ್ಲಿ ಇಂಗ್ಲೆಂಡಿನ 'ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್' ಎಂಬ ಪತ್ರಿಕೆಯು, ಹೆಚ್ಚು ಮಾರಾಟವಾದ ಧ್ವನಿಮುದ್ರಿಕೆಗಳ ಕ್ರಮಾಂಕ ಪಟ್ಟಿಯನ್ನು ಆ ದೇಶದಲ್ಲಿ ಮೊದಲಿಗೆ ಪ್ರಕಟಿಸಿತು. ಅಮೇರಿಕೆಯಲ್ಲಿ ಇಂಥ ಪಟ್ಟಿಗಳು ಅದಕ್ಕೂ ಹಿಂದೆಯೇ ಇದ್ದವು; ೧೯೫೮ರ ಆಗಸ್ಟಿನಲ್ಲಿ 'ಬಿಲ್‌ಬೋರ್ಡ್' ಪತ್ರಿಕೆಯು ನೂರು ಹಾಡುಗಳ ಒಂದೇ ಪಟ್ಟಿಯನ್ನು ಆರಂಭಿಸಿತು. ಆಮೇಲೆ ಹಾಡಿನ ಬೆಲೆಯನ್ನು ಕಿವಿಯಿಂದ ತಿಳಿಯುವುದಕ್ಕಿಂತ ಅಂಕಿಯಿಂದ ತಿಳಿಯುವುದು ಸುಲಭವಾಯಿತು. ಪಟ್ಟಿಯಲ್ಲಿ ಮೇಲಿರುವ ಹಾಡನ್ನು ಮನೆಯ ಮಕ್ಕಳೂ ಕೇಳುತ್ತಾರೆ, ಕೇಳಿದುದನ್ನು ಹಾಡುತ್ತಾರೆ, ಹಾಡುವುದನ್ನು ಕೊಳ್ಳಬೇಕೆಂದು ಹಟ ಹಿಡಿಯುತ್ತಾರೆ. ವ್ಯಾಪಾರಿಯ ದೃಷ್ಟಿ ಮಗುವಿನ ಮೇಲೆ ಬಿದ್ದುದು ಹೀಗೆ.

ಆದರೆ ಮೊದಲು ಬಂದುದು ಮಗುವಲ್ಲ, ಮಗುವಿನ ಸೋಗು. ಅದೇ ೧೯೫೮ರಲ್ಲಿ ರಾಸ್ ಬಗ್ದಸಾರಿಯನ್ ಎಂಬ ಗೀತಕಾರನು, ಡೇವಿಡ್ ಸೆವಿಲ್ ಎಂಬ ಹೆಸರನ್ನಿಟ್ಟುಕೊಂಡು, ಒಂದು ಯುಕ್ತಿಯನ್ನು ಹೂಡಿದನು. ಧ್ವನಿಸುರುಳಿಯು ಅರ್ಧ ವೇಗದಲ್ಲಿ ತಿರುಗುತ್ತಿರುವಾಗ ನಿಧಾನವಾಗಿ ಹಾಡಿ, ಅನಂತರ ಅದನ್ನು ಪೂರ್ಣ ವೇಗದಲ್ಲಿ ನುಡಿಸಿದರೆ ಸ್ವರವು ಒಂದು ಸ್ಥಾಯಿ ಮೇಲೇರುತ್ತದೆ. ಪ್ರೌಢ ಗಂಡಸಿನ ಕಂಠವು ಚಿಕ್ಕ ಪ್ರಾಣಿಯ ಚೀರುದನಿಯಾಗಿ, ಮಗುವಿನ ತೊದಲಾಗಿ ಕೇಳಿಸುತ್ತದೆ. ಹೀಗೆ ಒಬ್ಬನೇ ಮೂರು ಅಳಿಲುಮರಿಗಳ ದನಿಯಲ್ಲಿ ಹಾಡಿದ ಕ್ರಿಸ್‌ಮಸ್ ಹಾಡೊಂದು ಆ ವರ್ಷದ ಕೊನೆಯಲ್ಲಿ ಪಟ್ಟಿಯ ತುದಿಗೇರಿತು. ೧೯೫೯ರಲ್ಲಿ ಪ್ರಥಮತಃ ಗ್ರ್ಯಾಮಿ ಪ್ರಶಸ್ತಿಗಳನ್ನು ಹಂಚಿದಾಗ ಆ ಹಾಡಿಗೆ ಮೂರು ಪ್ರಶಸ್ತಿಗಳು ದೊರೆತವು. ೧೯೬೪ರಲ್ಲಿ, ಬೀಟಲ್ಸ್ ತಂಡದ ಹಾಡುಗಳು ಲೋಕವನ್ನೆಲ್ಲ ಮರುಳುಗೊಳಿಸಿದ್ದಾಗ, ಈ ಕೃತಕ ಅಳಿಲುಗಳು ಆ ಹಾಡುಗಳನ್ನೇ ಹಾಡಿದ ಒಂದು ದೀರ್ಘ ಮುದ್ರಿಕೆಯೂ ಹೊರಬಂದಿತು. ಮಕ್ಕಳು ನಕ್ಕು ಸಂತೋಷಪಟ್ಟರು; ಅದನ್ನು ನಾನು ಹಳಿಯುವುದಿಲ್ಲ. ಆದರೆ ಮಕ್ಕಳಿಗಾಗಿ ಮಾಡಿದ ಆ ಹಾಡಿನಲ್ಲಿ ಯಾವ ಮಗುವಿನ ದನಿಯೂ ಇರಲಿಲ್ಲವೆಂಬುದನ್ನು ಗಮನಿಸಬೇಕು.

ಇದಕ್ಕೆ ನೇರ ವಿಪರೀತವಾದ ಪ್ರಯೋಗವು ೧೯೮೩ರಲ್ಲಿ ಇಂಗ್ಲೆಂಡಿನಲ್ಲಿ ನಡೆಯಿತು. ಅಲ್ಲಿ ಆಗಷ್ಟೇ ಆರಂಭವಾಗಿದ್ದ ನಾಲ್ಕನೆಯ ದೂರದರ್ಶನ ವಾಹಿನಿಯಲ್ಲಿ 'ಮಿನಿ ಪಾಪ್ಸ್' ಎಂಬ ಕಾರ್ಯಕ್ರಮವು ಪ್ರಸಾರವಾಯಿತು. ಎಳೆಯ ಮಕ್ಕಳು ಪ್ರಸಿದ್ಧ ಗಾಯಕ ಗಾಯಿಕೆಯರ ವೇಷಭೂಷಣಗಳನ್ನು ತೊಟ್ಟು, ಮುಖಕ್ಕೆ ಬಣ್ಣ ಬಳಿದುಕೊಂಡು, ಅವರ ಹಾವಭಾವಗಳನ್ನೇ ಅನುಕರಿಸುತ್ತ ಅವರ ಹಾಡುಗಳನ್ನು ಹಾಡುತ್ತಿದ್ದರು. ನೋಡುವವರಿಗೆ ಬರವಿರಲಿಲ್ಲ. ಆದರೆ ಪ್ರಾಯದವರ ಶೃಂಗಾರವನ್ನು ಶಿಶುಗಳ ಮೈಮೇಲೆ ಹೊದಿಸಿದುದು ಅನೇಕರಿಗೆ ಹೇಸಿಗೆಯನ್ನುಂಟುಮಾಡಿತು. ಪತ್ರಿಕೆಗಳಲ್ಲಿ ಕಟುವಾದ ಟೀಕೆಗಳು ಬಂದವು. ಆ ಒಂದು ಮಾಲಿಕೆಯ ಅನಂತರ ವಾಹಿನಿಯವರು ಅದನ್ನು ಮುಂದುವರಿಸಲಿಲ್ಲ. ಅಮೇರಿಕೆಯಲ್ಲಿ ದೊಡ್ಡವನು ಮಗುವಿನ ಸೋಗು ಹಾಕಿದ್ದನು. ಇಂಗ್ಲೆಂಡಿನಲ್ಲಿ ಮಗುವಿಗೆ ದೊಡ್ಡವರ ಸೋಗು ಹಾಕಿಸಿದರು. ನಮ್ಮ ಶಾಲೆಗಳ ಉತ್ಸವಗಳಲ್ಲಿಯೂ, ಈಗ ಮನೆಮನೆಯ ದೂರದರ್ಶನದ ಸ್ಪರ್ಧೆಗಳಲ್ಲಿಯೂ, ಈ ಎರಡನೆಯ ಬಗೆಯ ಪ್ರದರ್ಶನವನ್ನು ಕಂಡು ಚಪ್ಪಾಳೆ ತಟ್ಟಿದವರಲ್ಲಿ ನಾವೂ ಇದ್ದೇವೆಂಬುದನ್ನು ಒಪ್ಪಿಕೊಳ್ಳಬೇಕು.

ಈ ಟೀಕೆಗಳಿಗೆ ಉತ್ತರವೆಂಬಂತೆ ಬಂದುದು ಮೂರನೆಯ ಮಾರ್ಗ: ಹಾಡನ್ನೇ ತೊಳೆದು ಮಡಿ ಮಾಡುವುದು. ನ್ಯೂಯಾರ್ಕಿನ ಕ್ಲಿಫ್ ಚೆನ್‌ಫೆಲ್ಡ್ ಮತ್ತು ಕ್ರೆಗ್ ಬಾಲ್ಸಮ್ ಎಂಬಿಬ್ಬರು ತಮ್ಮ ಧ್ವನಿಮುದ್ರಣ ಸಂಸ್ಥೆಯಿಂದ ೨೦೦೧ರ ಅಕ್ಟೋಬರಿನಲ್ಲಿ 'ಕಿಡ್ಸ್ ಬಾಪ್' ಎಂಬ ಹೆಸರಿನ ಮೊದಲ ಮುದ್ರಿಕೆಯನ್ನು ಹೊರತಂದರು. ಆ ದಿನಗಳ ಜನಪ್ರಿಯ ಹಾಡುಗಳನ್ನು ಆರಿಸಿ, ಮಕ್ಕಳ ಕಿವಿಗೆ ಸಲ್ಲದ ಮಾತುಗಳನ್ನು ತೆಗೆದು ಅಥವಾ ಬದಲಿಸಿ, ಮಕ್ಕಳ ದನಿಗಳಲ್ಲಿ ಹಾಡಿಸಿ ಮಾರುವುದೇ ಅವರ ವ್ಯವಸಾಯ. ಮೊದಮೊದಲು ಪ್ರೌಢ ಗಾಯಕರೇ ಮುಂದಾಗಿ ಹಾಡುತ್ತಿದ್ದು, ಮಕ್ಕಳು ಪಲ್ಲವಿಗೆ ದನಿಗೂಡಿಸುತ್ತಿದ್ದರು. ಕಾಲಕ್ರಮದಲ್ಲಿ ಆಯ್ದ ಮಕ್ಕಳ ತಂಡವೇ ಹಾಡತೊಡಗಿತು. ತಂಡದ ಮಕ್ಕಳು ಬೆಳೆದು ದನಿ ಒಡೆಯುವ ಪ್ರಾಯಕ್ಕೆ ಬಂದಾಗ ಅವರ ಸ್ಥಾನಕ್ಕೆ ಬೇರೆ ಮಕ್ಕಳು ಬರುತ್ತಾರೆ. ಹೆಸರು ಮಾತ್ರ ಉಳಿಯುತ್ತದೆ. ಈ ಸರಣಿಯ ಇಪ್ಪತ್ತಕ್ಕೂ ಹೆಚ್ಚು ಮುದ್ರಿಕೆಗಳು ಅಮೇರಿಕೆಯ ಪಟ್ಟಿಯ ಮೊದಲ ಹತ್ತರೊಳಗೆ ಸೇರಿವೆ. ಮಹಾ ಗಾಯಕರಲ್ಲಿಯೂ ಕೆಲವೇ ಮಂದಿಗೆ ಆ ಯಶಸ್ಸು ಲಭಿಸಿದೆ.

ಮಾತಿನ ಕೊಳೆಯನ್ನು ತೊಳೆದರೆ ತಪ್ಪೇನು ಎಂದು ಯಾರಾದರೂ ಕೇಳಬಹುದು. ತಪ್ಪೇನೂ ಇಲ್ಲ. ಕುಡಿತವನ್ನೂ ಬೈಗುಳವನ್ನೂ ಏಳು ವರ್ಷದ ಮಗುವಿನ ಬಾಯಿಗೆ ಕೊಡಲು ಯಾವ ತಾಯಿಯೂ ಒಪ್ಪಲಾರಳು. ಅಂಥ ತಾಯಂದಿರ ಆತಂಕವನ್ನು ಆ ವರ್ತಕರು ಸರಿಯಾಗಿಯೇ ಅರಿತುಕೊಂಡರು. ಆದರೆ ಹಾಡನ್ನು ಆರಿಸುವವರು ಯಾರೆಂದು ಕೇಳಿದರೆ, ಪಟ್ಟಿ ಎಂಬುದೇ ಉತ್ತರ. ಮಗುವಿಗೆ ಆ ಹಾಡಿನೊಂದಿಗೆ ಏನಾದರೂ ನಂಟಿದೆಯೇ ಎಂದು ಕೇಳುವ ವ್ಯವಧಾನ ಪಟ್ಟಿಗಿರುವುದಿಲ್ಲ. ಕಳೆದ ತಿಂಗಳಿನಲ್ಲಿ ಗೆದ್ದ ಹಾಡು ಈ ತಿಂಗಳು ಮಡಿಯಾಗಿ ಬರಬೇಕು. ಮುಂದಿನದು ಅದರ ಬೆನ್ನಿಗೇ ಬರಬೇಕು. ವೇದಿಕೆಯ ಮೇಲೆ ನಾನು ಹಾಡಿಸಿದ ನಾಡಗೀತೆಯೂ ಹೀಗೆಯೇ ಮಡಿಯಾದ ಹಾಡಾಗಿತ್ತೆಂದು, ಇದನ್ನು ಓದುವಾಗ ನನಗೆ ಹೊಳೆಯಿತು. ಅದರಲ್ಲಿ ಒಂದೂ ಕೆಟ್ಟ ಮಾತಿರಲಿಲ್ಲ. ಆ ಹುಡುಗಿಯರ ಒಂದು ಮಾತೂ ಇರಲಿಲ್ಲ.

ವಿಧಿಯ ವಿಚಿತ್ರವೆಂದರೆ, 'ಕಿಡ್ಸ್ ಬಾಪ್' ಹುಟ್ಟಿದ ಅದೇ ೨೦೦೧ರಲ್ಲಿ ಇನ್ನೊಂದು ಮುದ್ರಿಕೆಯೂ ಬೆಳಕಿಗೆ ಬಂದಿತು. ಅದು ಇಪ್ಪತ್ತೈದು ವರ್ಷಗಳ ಹಿಂದೆ ಮುದ್ರಿತವಾಗಿ, ಊರವರ ಮನೆಗಳಲ್ಲಿ ಧೂಳು ಹಿಡಿದು ಮಲಗಿತ್ತು. ಅದರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದಕ್ಕೆ ಅನುಮತಿ ಬೇಡುತ್ತೇನೆ. ಏಕೆಂದರೆ ಅದು ಒಬ್ಬ ಶಾಲಾ ಉಪಾಧ್ಯಾಯನ ಕಥೆ.

ಕೆನಡಾ ದೇಶದ ಪಶ್ಚಿಮ ತೀರದ ಬ್ರಿಟಿಷ್ ಕೊಲಂಬಿಯ ಪ್ರಾಂತದಲ್ಲಿ, ವ್ಯಾಂಕೂವರ್ ನಗರದ ಪೂರ್ವಕ್ಕೆ ಲ್ಯಾಂಗ್ಲಿ ಎಂಬ ಸೀಮೆಯಿದೆ. ೧೯೭೦ರ ದಶಕದಲ್ಲಿ ಅದು ಬಹುಮಟ್ಟಿಗೆ ಹಳ್ಳಿಗಾಡು. ಅಲ್ಲಿನ ಪ್ರಾಥಮಿಕ ಶಾಲೆಗಳಿಗೆ ಹ್ಯಾನ್ಸ್ ಫೆಂಗರ್ ಎಂಬ ತರುಣನು ಸಂಗೀತದ ಅಧ್ಯಾಪಕನಾಗಿ ಬಂದನು. ಗಿಟಾರ್ ನುಡಿಸುತ್ತಿದ್ದವನು, ಮಕ್ಕಳಿಗೆ ಸಂಗೀತವನ್ನು ಕಲಿಸುವ ಸಂಪ್ರದಾಯದ ಕ್ರಮ ಅವನಿಗೆ ಅಷ್ಟಾಗಿ ತಿಳಿದಿರಲಿಲ್ಲ. ತಿಳಿಯದುದೇ ಮಕ್ಕಳ ಭಾಗ್ಯವಾಯಿತು. ಪಠ್ಯದ ಮುದ್ದುಮುದ್ದಾದ ಶಿಶುಗೀತೆಗಳು ಆ ಮಕ್ಕಳಿಗೆ ಬೇಡವಾಗಿದ್ದವು. ಆದುದರಿಂದ ತನಗೂ ಮಕ್ಕಳಿಗೂ ಪ್ರಿಯವಾದ ಆ ಕಾಲದ ಹಾಡುಗಳನ್ನೇ ಅವನು ತರಗತಿಗೆ ತಂದನು. ಬೀಚ್ ಬಾಯ್ಸ್ ತಂಡದ ಹಾಡುಗಳು, ಪಾಲ್ ಮೆಕಾರ್ಟ್ನಿಯ ಹಾಡುಗಳು, ಡೇವಿಡ್ ಬೋವಿಯ 'ಸ್ಪೇಸ್ ಆಡಿಟಿ', ಈಗಲ್ಸ್ ತಂಡದ 'ಡೆಸ್ಪರಾಡೊ' — ಎಲ್ಲವೂ ದೊಡ್ಡವರಿಗಾಗಿ ಹುಟ್ಟಿದುವೇ. ಇವುಗಳ ನುಡಿಗಳನ್ನು ಅವನು ತೊಳೆಯಲು ಹೋಗಲಿಲ್ಲ.

ವಾದ್ಯಗಳ ವಿಷಯದಲ್ಲಿ ಅವನಿಗೆ ನೆರವಾದುದು ಜರ್ಮನಿಯ ಕಾರ್ಲ್ ಆರ್ಫ್ ಎಂಬ ಸಂಗೀತಕಾರನು ಮಕ್ಕಳಿಗಾಗಿ ರೂಪಿಸಿದ ಪದ್ಧತಿ. ನಮ್ಮ ಕಾಷ್ಠತರಂಗವನ್ನು ಹೋಲುವ ಮರದ ಮತ್ತು ಲೋಹದ ಪಟ್ಟಿಗಳ ವಾದ್ಯಗಳು ಅದರಲ್ಲಿ ಮುಖ್ಯ. ಪಟ್ಟಿಗಳನ್ನು ಕಳಚಿಡುವಂತೆ ಅವುಗಳನ್ನು ಮಾಡಿರುತ್ತಾರೆ. ಹಾಡಿಗೆ ಬೇಡವಾದ ಸ್ವರದ ಪಟ್ಟಿಗಳನ್ನು ಮೊದಲೇ ತೆಗೆದುಬಿಟ್ಟರೆ, ಉಳಿದುದರಲ್ಲಿ ಏನೂ ತಿಳಿಯದ ಮಗು ಎಲ್ಲಿ ಬಡಿದರೂ ಅಪಸ್ವರವಾಗದು. ತಪ್ಪುಮಾಡುವ ಭಯವನ್ನು ತೆಗೆದು ಮಗುವನ್ನು ಸಂಗೀತದೊಳಕ್ಕೆ ಕರೆತರುವ ಈ ಜಾಣ್ಮೆಯನ್ನು ಭಾಷೆ ಕಲಿಸುವ ನಾವೂ ಮನಸ್ಸಿಗೆ ತಂದುಕೊಳ್ಳಬೇಕು.

೧೯೭೬ರಲ್ಲಿಯೂ ೧೯೭೭ರಲ್ಲಿಯೂ ಫೆಂಗರನು ಕೆಲವು ಶಾಲೆಗಳ ಮಕ್ಕಳನ್ನು ಒಟ್ಟುಗೂಡಿಸಿ, ಶಾಲೆಯ ವ್ಯಾಯಾಮ ಮಂದಿರದಲ್ಲಿ ಸಾಧಾರಣವಾದ ಧ್ವನಿಸುರುಳಿಯ ಯಂತ್ರವನ್ನಿಟ್ಟು ಹಾಡಿಸಿದನು. ಅದನ್ನು ತಟ್ಟೆಗಳಾಗಿ ಒತ್ತಿಸಿ, ಕೆಲವೇ ನೂರು ಪ್ರತಿಗಳನ್ನು ಮಕ್ಕಳ ಮನೆಗಳಿಗೆ ಹಂಚಲಾಯಿತು. ಅಲ್ಲಿಗೆ ಕಥೆ ಮುಗಿಯಬೇಕಾಗಿತ್ತು. ಆದರೆ ೨೦೦೦ದ ಸುಮಾರಿಗೆ ವಿಕ್ಟೋರಿಯಾ ನಗರದ ಸಂಗ್ರಾಹಕನೊಬ್ಬನಿಗೆ ಹಳೆಯ ಸಾಮಾನಿನ ಅಂಗಡಿಯಲ್ಲಿ ಆ ತಟ್ಟೆಗಳಲ್ಲೊಂದು ಸಿಕ್ಕಿತು. ಅವನು ಅದನ್ನು ಇರ್ವಿನ್ ಚೂಸಿಡ್ ಎಂಬ ಅಮೇರಿಕೆಯ ಆಕಾಶವಾಣಿ ನಿರೂಪಕನ ಗಮನಕ್ಕೆ ತಂದನು. ಚೂಸಿಡನ ಪ್ರಯತ್ನದಿಂದ ೨೦೦೧ರಲ್ಲಿ ಎರಡು ತಟ್ಟೆಗಳೂ ಒಂದಾಗಿ, ಲ್ಯಾಂಗ್ಲಿ ಶಾಲೆಗಳ ಸಂಗೀತ ಯೋಜನೆ ಎಂಬ ಹೆಸರಿನಿಂದ ಲೋಕಕ್ಕೆ ಬಂದವು. ಮೂಲಗಾಯಕನಾದ ಡೇವಿಡ್ ಬೋವಿಯೇ ಕೇಳಿ ಮೆಚ್ಚಿಕೊಂಡನು.

ಸಹೋದ್ಯೋಗಿಯೊಬ್ಬರ ಕೈಯಂತ್ರದ ಕೃಪೆಯಿಂದ ನಾನೂ ಅದನ್ನು ಕೇಳಿದ್ದೇನೆ. ಮೇಳವು ಎಲ್ಲ ಕಡೆಯಲ್ಲಿಯೂ ಶ್ರುತಿಶುದ್ಧವಾಗಿಲ್ಲ. ಮದ್ದಳೆಯೂ ತಾಳವೂ ಒಮ್ಮೊಮ್ಮೆ ಎಡವುತ್ತವೆ. ವಿಶಾಲವಾದ ಕೋಣೆಯ ಮಾರ್ದನಿ ಎಲ್ಲವನ್ನೂ ಆವರಿಸಿಕೊಂಡಿದೆ. ಆದರೂ ಒಂಬತ್ತು ವರ್ಷದ ಬಾಲಿಕೆಯೊಬ್ಬಳು ಪ್ರೌಢರ ಏಕಾಕಿತನವನ್ನು ಕುರಿತ 'ಡೆಸ್ಪರಾಡೊ'ವನ್ನು ಒಬ್ಬಳೇ ಹಾಡುವಾಗ ಅದರಲ್ಲಿ ಅನುಕರಣೆಯ ಲೇಶವೂ ಕೇಳಿಸದು. 'ಸ್ಪೇಸ್ ಆಡಿಟಿ'ಯು ಅಂತರಿಕ್ಷಕ್ಕೆ ಹಾರಿ, ನೆಲದೊಡನೆ ಸಂಪರ್ಕ ಕಡಿದುಹೋದ ಯಾತ್ರಿಕನ ಹಾಡು. ಅರುವತ್ತು ಮಕ್ಕಳು ಸೇರಿ ಅದನ್ನು ಹಾಡುವಾಗ ಮೈ ಜುಮ್ಮೆನ್ನುತ್ತದೆ. ನೆಲದ ಕೂಗು ಕೇಳಿಸದೆ ದೂರವಾಗುವ ಆ ಭಾವವನ್ನು ಗಡಿಯಲ್ಲಿ ಬಾಳುವ ನಮಗೆ ವ್ಯಾಖ್ಯಾನಿಸಿ ಹೇಳಬೇಕಾಗಿಲ್ಲ. ಮಕ್ಕಳಿಗೆ ಮುದ್ದಾದ ಹಾಡುಗಳು ಒಗ್ಗುತ್ತಿರಲಿಲ್ಲ, ಒಂಟಿತನವನ್ನೂ ದುಃಖವನ್ನೂ ನುಡಿಯುವ ಹಾಡುಗಳನ್ನು ಅವರು ತುಂಬ ಪ್ರೀತಿಸುತ್ತಿದ್ದರು ಎಂದು ಫೆಂಗರನು ಅನಂತರ ನೆನಪಿಸಿಕೊಂಡಿದ್ದಾನೆ. ಬಾಲ್ಯವು ಬರಿಯ ನಗುವೆಂದು ಎಣಿಸುವವರು ತಮ್ಮ ಬಾಲ್ಯವನ್ನು ಮರೆತವರು.

ಇದು ಎಲ್ಲೋ ಒಮ್ಮೆ ಘಟಿಸಿದ ಆಕಸ್ಮಿಕವೆಂದು ಹೇಳುವಂತೆಯೂ ಇಲ್ಲ. ನ್ಯೂಯಾರ್ಕಿನ ಸ್ಟೇಟನ್ ದ್ವೀಪದಲ್ಲಿರುವ ಇಪ್ಪತ್ತೆರಡನೆಯ ಸಂಖ್ಯೆಯ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ, ಗ್ರೆಗ್ ಬ್ರೈನ್‌ಬರ್ಗ್ ಎಂಬ ಅಧ್ಯಾಪಕರು ೨೦೦೦ದಲ್ಲಿ ಐದನೆಯ ತರಗತಿಯ ಮಕ್ಕಳ ಗಾಯನಮೇಳವನ್ನು ಕಟ್ಟಿದರು. ಐದನೆಯ ತರಗತಿ ಆ ಶಾಲೆಯ ಕೊನೆಯ ತರಗತಿ. ಆದುದರಿಂದ ಪ್ರತಿ ವರ್ಷವೂ ಹೊಸ ಮಕ್ಕಳು, ಪ್ರತಿ ವರ್ಷವೂ ಮೊದಲಿನಿಂದ ಪಾಠ. ಇವರೂ ಆಯಾ ಕಾಲದ ಜನಪ್ರಿಯ ಹಾಡುಗಳನ್ನೇ ಹಾಡಿದರು. ಆ ಹಾಡುಗಳ ಚಿತ್ರಿಕೆಗಳನ್ನು ಲೋಕವೆಲ್ಲ ನೋಡಿತು. ೨೦೧೧ರಲ್ಲಿ ಆಸ್ಕರ್ ಪ್ರಶಸ್ತಿ ಪ್ರದಾನದ ಸಮಾರಂಭದ ಕೊನೆಯಲ್ಲಿ ಹಾಡುವ ಗೌರವ ಈ ಮಕ್ಕಳದಾಯಿತು. ಹಾಡುವಾಗ ಅವರು ಕೈಕಟ್ಟಿ ಸಾಲಾಗಿ ನಿಲ್ಲುವುದಿಲ್ಲ. ಕಣ್ಣು ಮುಚ್ಚುತ್ತಾರೆ, ಕೈಯಾಡಿಸುತ್ತಾರೆ, ತೂಗುತ್ತಾರೆ, ಒಬ್ಬರಂತೆ ಇನ್ನೊಬ್ಬರಿಲ್ಲ.

ಈ ಚರಿತ್ರೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ತಿಳಿದುಬರುವುದಿಷ್ಟು. ಹಾಡು ದೊಡ್ಡವರದೋ ಚಿಕ್ಕವರದೋ, ಸ್ವಭಾಷೆಯದೋ ಪರಭಾಷೆಯದೋ ಎಂಬ ಪ್ರಶ್ನೆ ಮುಖ್ಯವಾದರೂ ಮೊದಲನೆಯದಲ್ಲ. ಹಾಡಿಗೆ ಮಗು ಬೇಕಾಗಿದೆಯೋ, ಮಗುವಿಗೆ ಹಾಡು ಬೇಕಾಗಿದೆಯೋ ಎಂಬುದು ಮೊದಲ ಪ್ರಶ್ನೆ. ಅಳಿಲುಗಳ ಹಾಡಿಗೆ ಮಗುವಿನ ದನಿಯ ನೆರಳು ಬೇಕಾಗಿತ್ತು. ಮಿನಿ ಪಾಪ್ಸಿಗೆ ಮಗುವಿನ ಮೈ ಬೇಕಾಗಿತ್ತು. ಕಿಡ್ಸ್ ಬಾಪಿಗೆ ಮಗುವಿನ ಹೆಸರೂ ಅದರ ತಾಯಿಯ ವಿಶ್ವಾಸವೂ ಬೇಕಾಗಿದ್ದವು. ಲ್ಯಾಂಗ್ಲಿಯ ಮಕ್ಕಳಿಗೆ ಮಾತ್ರ ಹಾಡು ಬೇಕಾಗಿತ್ತು. ಇನ್ನು ನನ್ನ ವೇದಿಕೆಯ ವಿಷಯ: ಕನ್ನಡದ ಮಾನವನ್ನು ಎತ್ತಿಹಿಡಿಯುವುದಕ್ಕೆ ನನಗೆ ಐದು ಕೊರಳುಗಳು ಬೇಕಾಗಿದ್ದವು. ಉದ್ದೇಶ ಒಳ್ಳೆಯದೇ, ಆದರೂ ನಾನು ನಿಂತಿದ್ದುದು ಆ ವರ್ತಕರ ಸಾಲಿನಲ್ಲಿ.

ಮರುವರ್ಷ ನಾನು ಬೇರೊಂದು ದಾರಿಯನ್ನು ಹಿಡಿದೆ. ಒಂಬತ್ತನೆಯ ತರಗತಿಗೆ ಬಂದಿದ್ದ ಆ ಹುಡುಗಿಯರನ್ನು ಕರೆದು, ನಾನು ಹೊಡೆದುಹಾಕಿದ ಹಾಡನ್ನೇ ಹಾಡಿರೆಂದೆ. ನಂಬಲಾರದೆ ಪರಸ್ಪರ ಮುಖ ನೋಡಿಕೊಂಡರು. ಹಾಡಿದ ಮೇಲೆ ಅದರ ಅರ್ಥವನ್ನು ಕೇಳಿದೆ, ಹೇಳಿದರು. ಆ ಅರ್ಥವನ್ನು ಅದೇ ಮಟ್ಟಿನಲ್ಲಿ ಕನ್ನಡದಲ್ಲಿ ಕೂರಿಸಬಲ್ಲಿರಾ ಎಂದು ಕೇಳಿದೆ. ಮುಂದಿನ ಎರಡು ವಾರ ನಮ್ಮ ತರಗತಿಯಲ್ಲಿ ನಡೆದ ಛಂದಸ್ಸಿನ ಪಾಠವನ್ನು ನಾನು ಇಷ್ಟು ವರ್ಷಗಳ ಸೇವೆಯಲ್ಲಿ ಕಂಡಿರಲಿಲ್ಲ. ಲಘು ಗುರುಗಳನ್ನು ಕರಿಹಲಗೆಯ ಮೇಲೆ ಗೀಚಿ ಗೀಚಿ ದಣಿದಿದ್ದ ನನಗೆ, 'ಇಲ್ಲಿ ದೀರ್ಘ ಎಳೆಯುವುದಿಲ್ಲ ಸರ್, ಎರಡೇ ಮಾತ್ರೆಯ ಜಾಗವಿದೆ' ಎಂದು ಮಕ್ಕಳೇ ಹೇಳಿಕೊಡತೊಡಗಿದರು. ಒಂದು ಪದಕ್ಕಾಗಿ ತುಳುವನ್ನು ತಡಕಿದರು, ಅಜ್ಜಿಯಂದಿರನ್ನು ಕೇಳಿ ಬಂದರು, ನಿಘಂಟನ್ನು ತಾವಾಗಿ ತೆರೆದರು. ವಾರ್ಷಿಕೋತ್ಸವದಂದು ಹಾಡನ್ನು ಮೊದಲು ಮಲೆಯಾಳದಲ್ಲಿಯೂ ಅನಂತರ ತಮ್ಮ ಕನ್ನಡದಲ್ಲಿಯೂ ಹಾಡಿದರು. ರಚನೆ ಉತ್ತಮವೆಂದು ನಾನು ಹೇಳಲಾರೆ. ಎರಡು ಕಡೆ ಪ್ರಾಸ ಕುಂಟುತ್ತಿತ್ತು. ತಿದ್ದಲು ಹೋದ ನನ್ನನ್ನು ಅವರು ಬಿಡಲಿಲ್ಲ.

ಸಭೆಯ ಅನಂತರ ಹಿರಿಯರೊಬ್ಬರು ನನ್ನ ಕೈಹಿಡಿದು, ಹಿಂಬಾಗಿಲಿನಿಂದ ಅನ್ಯಭಾಷೆಯನ್ನು ಒಳಗೆ ಬಿಟ್ಟಿರಲ್ಲ ಎಂದು ನೊಂದುಕೊಂಡರು. ಅವರ ನೋವನ್ನು ನಾನು ಹಗುರವಾಗಿ ಎಣಿಸಲಾರೆ. ೧೯೫೬ರ ನವೆಂಬರ್ ಒಂದರಂದು ನಮ್ಮ ಸೀಮೆ ಕೇರಳಕ್ಕೆ ಸೇರಿದಂದಿನಿಂದ, ಕನ್ನಡದ ಶಾಲೆ, ಕನ್ನಡದ ಕಾಗದಪತ್ರ, ಕನ್ನಡ ಬಲ್ಲ ಅಧ್ಯಾಪಕ — ಒಂದೊಂದಕ್ಕೂ ಅರ್ಜಿ ಹಿಡಿದು ನಡೆದವರು ಅವರು. ಹಾಗೆ ನಡೆದವರಿಂದಲೇ ನನ್ನಂಥವರಿಗೆ ಈ ಕೆಲಸ ಉಳಿದಿದೆ. ಭಾಷೆಗೆ ಬೇಲಿ ಬೇಡವೆಂದು ನಾನು ಹೇಳುತ್ತಿಲ್ಲ. ಬೇಲಿಯ ಕೆಲಸ ಸರಕಾರದ ಮುಂದೆ, ನ್ಯಾಯಾಲಯದ ಮುಂದೆ ಆಗಬೇಕು. ಅದನ್ನು ನಮ್ಮ ಸಂಘವು ಇನ್ನೂ ಬಲವಾಗಿ ಮಾಡಲಿ. ಮಗುವಿನ ಕೊರಳಿಗೆ ಬೇಲಿ ಹಾಕಿದರೆ ಮಾತ್ರ ಹಾಡು ವೇದಿಕೆಯ ಹಿಂದಕ್ಕೆ ಹೋಗುತ್ತದೆ, ನಮ್ಮನ್ನು ಕಂಡೊಡನೆ ನಿಲ್ಲುತ್ತದೆ. ಕನ್ನಡ ಮೇಷ್ಟ್ರನ್ನು ಕಂಡು ಹಾಡು ನಿಲ್ಲಿಸುವ ಮಗು ನಾಳೆ ಕನ್ನಡದಲ್ಲಿ ಹಾಡೀತೆಂದು ಹೇಗೆ ನಂಬುವುದು?

ಈ ಕಥೆಯಲ್ಲಿ ನಾನು ಇನ್ನೂ ಹೇಳದೆ ಉಳಿಸಿಕೊಂಡ ಮಾತೊಂದಿದೆ. ಮರುವರ್ಷ ನಾನು ಕರೆದಾಗ ಬಂದವರು ಐವರಲ್ಲ, ಮೂವರು. ಇಬ್ಬರು ಆ ಬೇಸಗೆಯಲ್ಲಿಯೇ ಪ್ರಮಾಣಪತ್ರ ಪಡೆದು ಆಂಗ್ಲ ಮಾಧ್ಯಮದ ಶಾಲೆಗೆ ಹೋಗಿದ್ದರು. ಅಂದು ವೇದಿಕೆಯ ಹಿಂದೆ ನನ್ನನ್ನು ಮೊದಲು ಕಂಡು ಹಾಡು ನಿಲ್ಲಿಸಿದವಳು ಆ ಇಬ್ಬರಲ್ಲಿ ಒಬ್ಬಳು. ನನ್ನ ನಿಷೇಧವೇ ಅದಕ್ಕೆ ಕಾರಣವೆಂದು ಹೇಳುವುದು ಅತ್ಯುಕ್ತಿಯಾದೀತು. ಕಾರಣವೇ ಅಲ್ಲವೆಂದು ಹೇಳುವ ಧೈರ್ಯವೂ ನನಗಿಲ್ಲ.

ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು, ಶಾಲೆಯ ಮಕ್ಕಳ ಬಾಯಿಗೆ ಒಗ್ಗುವ ಹಾಡುಗಳನ್ನು ಕನ್ನಡದಲ್ಲಿ ಬರೆದುಕೊಟ್ಟು ನಮ್ಮ ಈ ಕರಾವಳಿಗೆ ದಾರಿ ತೋರಿಸಿದವರು. ಅವರು ೧೯೩೭ರಲ್ಲಿ ತೀರಿಕೊಂಡರು. ಅವರ ಹಾಡುಗಳನ್ನು ಇಂದಿನ ಮಗುವೂ ತಾನಾಗಿ ಹಾಡುತ್ತದೆ. ಬರೆದವರು ಅಧ್ಯಾಪಕರೂ ಆಗಿದ್ದು, ಮಗುವಿನ ಬಾಯನ್ನು ಹತ್ತಿರದಿಂದ ನೋಡಿದ್ದುದೇ ಅದಕ್ಕೆ ಕಾರಣವೆಂದು ನನ್ನ ನಂಬಿಕೆ. ನಮ್ಮ ಸಂಘದ ಮಹನೀಯರಲ್ಲಿ ನನ್ನ ಅರಿಕೆ ಇಷ್ಟೇ: ಮುಂದಿನ ಉತ್ಸವದಲ್ಲಿ ಮಕ್ಕಳ ಗಾಯನಕ್ಕೆ ಮೀಸಲಾದ ಹೊತ್ತಿನಲ್ಲಿ, ಯಾವ ಹಾಡು ಬೇಕೆಂದು ಮೊದಲು ಮಕ್ಕಳನ್ನು ಕೇಳೋಣ. ಅವರು ತಂದ ಹಾಡು ಯಾವ ಭಾಷೆಯದೇ ಆಗಿರಲಿ, ಅದನ್ನು ಕನ್ನಡದ ಮನೆಯೊಳಕ್ಕೆ ಕರೆತರುವ ಕೆಲಸವನ್ನು ಅವರ ಕೈಗೇ ಕೊಡೋಣ. ಮತ್ತು ಅವರು ಹಾಡುತ್ತಿರುವಾಗ ನಾವು ಆ ಕಡೆ ಹೋದರೆ, ಹಾಡು ನಿಲ್ಲದಂತೆ ನಡೆದುಕೊಳ್ಳೋಣ.